ಏಳನೇ ಸೀಟು

ಕುಟೈಸಿ ಬಸ್ ನಿಲ್ದಾಣದ ಹಿಂದೆ,
ಬೂಟು ಹೊಲಿಯುವವನ ಅಂಗಡಿಯ ಮೇಲೆ ನಮ್ಮ ಕಚೇರಿ.
ಮೂರು ಕುರ್ಚಿ, ನಾಲ್ಕು ಜನ.
ಪರೀಕ್ಷೆ ಮಾಡುವವನು ನಾನು,
ಕಿಟಕಿಕಟ್ಟೆ ನನ್ನ ಪಾಲಿಗೆ.

ಮಿನಿಬಸ್ಸುಗಳ ಟಿಕೆಟ್ ತಾಣವನ್ನು ಹೊಸದಾಗಿ ಬರೆಯಬೇಕು.
ಯಾವ ಭಾಷೆಯಲ್ಲಿ?
ಎತ್ತು ಏರಿಗೆ, ಕೋಣ ನೀರಿಗೆ,
ಎಂಟು ದಿನದಿಂದ ಇದೇ ಉಳುಮೆ.

ನೋದರ್ ಪಿಎಚ್‌ಪಿಯವ.
"ಅರ್ಧ ಜಗತ್ತು ಇದರ ಮೇಲೆ ನಿಂತಿದೆ,
ಉಳಿದರ್ಧ ನಿಂತಿಲ್ಲವೆಂದು ಸುಳ್ಳು ಹೇಳುತ್ತದೆ."
ಪ್ರತಿ ಹೆಸರಿನ ಹಿಂದೆ ಮುಂದೆ ನೋಡದೆ ಡಾಲರ್ ಗುರುತು ಹಚ್ಚುತ್ತಾನೆ;
ಸಂಬಳ ಮಾತ್ರ ಲಾರಿಯಲ್ಲಿ.
(ಲಾರಿ ಎಂದರೆ ಇಲ್ಲಿ ದುಡ್ಡು. ಗಾಡಿ ತುಂಬ ಬರುವುದಿಲ್ಲ.)

ತ್ಸಿಸಾನಾ ಪೈಥಾನಿನವಳು.
ಆವರಣ ಬೇಡ, ಅರ್ಧವಿರಾಮ ಬೇಡ,
ಸಾಲು ಎಷ್ಟು ಒಳಸರಿದಿದೆ ಎಂಬುದೇ ಅರ್ಥ.
ಅವಳ ಅತ್ತೆಮನೆಯ ಊಟದ ಮೇಜೂ ಹಾಗೆಯೇ:
ಎಲ್ಲಿ ಕೂರಬೇಕೆಂದು ಯಾರೂ ಹೇಳುವುದಿಲ್ಲ,
ತಪ್ಪಿ ಕೂತರೆ ಗೊತ್ತಾಗುತ್ತದೆ.

ವಾಖುಷ್ತಿಗೆ ಇಪ್ಪತ್ತಮೂರು.
ಎದುರಿಗೂ ಜಾವಾಸ್ಕ್ರಿಪ್ಟ್, ಹಿತ್ತಲಿಗೂ ಅದೇ.
ಏನು ಕೇಳಿದರೂ ಅದು ಮೊದಲು ಮಾತು ಕೊಡುತ್ತದೆ,
ಉತ್ತರ ಆಮೇಲೆ.
ಒಂದು ತಾರೀಖು ತೋರಿಸಲು
ಒಂಬೈನೂರು ಅಪರಿಚಿತರ ಪೊಟ್ಟಣ ಇಳಿಸಿಕೊಂಡು
ಡಿಸ್ಕಿನಲ್ಲಿ ಕಾಲಿಡಲು ಜಾಗವಿಲ್ಲ.

ಜಾವಾ ತನ್ನಿ ಎನ್ನಲು ಬ್ಯಾಂಕಿನವರೂ ಒಮ್ಮೆ ಬಂದಿದ್ದರು.
ನಮಸ್ಕಾರ ಹೇಳುವ ಮೊದಲು
ನಮಸ್ಕಾರದ ಕಾರ್ಖಾನೆ ಕಟ್ಟಬೇಕು ಅಂದರು.
ಚಹಾ ಕುಡಿದು ಹೋದರು.

ಇಷ್ಟು ವರ್ಷ ಟಿಕೆಟ್ ಹರಿದದ್ದು ಇವು ಯಾವುದೂ ಅಲ್ಲ.
ಕೆಳಗೆ, ಮೆಟ್ಟಿಲ ಸಂದಿಯ ಹಳೇ ಯಂತ್ರದಲ್ಲಿ
ಲಮಾರಾ ಬರೆದಿಟ್ಟ ಪರ್ಲ್.
ಮೀನು ತಿಂದೆದ್ದವರ ತಟ್ಟೆಯಂಚಿನ ಹಾಗೆ
ಬರೀ ಮುಳ್ಳು, ಬರೀ ಚಿಹ್ನೆ.
ಅವಳು ತೀರಿಕೊಂಡು ಆರು ವರ್ಷ.
ಅದು ಒಮ್ಮೆಯೂ ಬಿದ್ದಿಲ್ಲ, ಯಾರೂ ಮುಟ್ಟಿಯೂ ಇಲ್ಲ.

ಮೊನ್ನೆ ಮುಟ್ಟಿದೆವು.
ನಾನೂರ ಹನ್ನೆರಡನೇ ಸಾಲಿನಲ್ಲಿ,
ಯಂತ್ರ ದಾಟಿ ಹೋಗುವ, ಮನುಷ್ಯರಿಗೆಂದೇ ಬಿಟ್ಟ ಟಿಪ್ಪಣಿ:
"ಗುರುವಾರದ ಲೆಂಟೇಖಿ ಗಾಡಿ. ಏಳನೇ ಸೀಟು ಮಾರಬೇಡ.
ತ್ಸಾಗೇರಿಯಲ್ಲಿ ಸೂಲಗಿತ್ತಿ ಹತ್ತುತ್ತಾಳೆ."

ಸ್ವಲ್ಪ ಹೊತ್ತು ಹೀಟರಿನ ಸದ್ದು.
ಆಮೇಲೆ ಮೂವರೂ ಪಣಕ್ಕೆ ಬಿದ್ದರು.
ಆ ಸೀಟು ಕಾಯಲು ನೋದರ್‌ಗೆ ಆರು ಸಾಲು,
ತ್ಸಿಸಾನಾಗೆ ಎರಡು,
ವಾಖುಷ್ತಿಗೆ ಒಂದೇ, ಆದರೆ ನಾಳೆ ಅವನಿಗೂ ತಿಳಿಯದಂಥದ್ದು.
ವೇಗ ಅಳೆದೆವು. ಗೆದ್ದವನಿಗೂ ಸೋತವಳಿಗೂ ನಡುವೆ
ಒಂಬತ್ತು ಮಿಲಿಸೆಕೆಂಡು.
ಗಾಡಿ ಲೆಂಟೇಖಿ ಮುಟ್ಟಲು ಮೂರೂವರೆ ಗಂಟೆ,
ದಾರಿಯಲ್ಲಿ ದನ ಮಲಗಿದ್ದರೆ ನಾಲ್ಕು.

ನಾನು ಚಾಲಕ ಉಶಾಂಗಿಗೆ ಫೋನು ಮಾಡಿದೆ.
"ಮಾಕ್ವಾಲಾ? ಅವಳು ಮಣ್ಣು ಸೇರಿ ಎಷ್ಟು ಕಾಲವಾಯಿತು!
ಈಗ ಅಲ್ಲಿ ಹೆರುವವರಾದರೂ ಯಾರು,
ಎಲ್ಲ ನಿಮ್ಮೂರ ಆಸ್ಪತ್ರೆಗೇ ಇಳಿಯುತ್ತಾರೆ."
ಮತ್ತೆ ಆ ಸೀಟು?
"ಇದೆಯಲ್ಲ. ಔಷಧಿ ಪೆಟ್ಟಿಗೆ ಇಡುತ್ತೇನೆ.
ಒಮ್ಮೊಮ್ಮೆ ಕೋಳಿಮರಿ. ಒಮ್ಮೆ ಒಬ್ಬಳ ಮದುವೆ ಬಟ್ಟೆ,
ಮಡಿಕೆ ಮುರಿಯದ ಹಾಗೆ, ಬೆಲ್ಟು ಹಾಕಿ.
ಮಾರಿಬಿಡಬೇಡಿ ಮಾರಾಯ್ರೇ,
ನನ್ನ ಗಾಡಿ ಅದಕ್ಕೆ ಒಗ್ಗಿಹೋಗಿದೆ."

ಕೊನೆಗೆ ಪೈಥಾನ್ ಆಯಿತು.
ಕಾರಣ ಕೇಳಿದರೆ ನಗುತ್ತೀರಿ:
ವಾಖುಷ್ತಿಗೆ ಬತೂಮಿಯಲ್ಲಿ ಕೆಲಸ ಸಿಕ್ಕಿತು,
ತೀರ್ಮಾನದ ದಿನ ನೋದರ್‌ಗೆ ಜ್ವರ.

ಒಂದು ಉಪಕಾರವಾಯಿತು.
ಪರ್ಲ್‌ಗೂ ಪೈಥಾನಿಗೂ ಟಿಪ್ಪಣಿಯ ಮುಂದೆ ಇಡುವ ಗುರುತು ಒಂದೇ,
ಎರಡು ಅಡ್ಡ, ಎರಡು ಉದ್ದ, ಮಕ್ಕಳು ಗೀಚುವ ಬೇಲಿ.
ಲಮಾರಾಳ ಸಾಲನ್ನು ಒಂದಕ್ಷರ ಅಲುಗಿಸದೆ ಎತ್ತಿಟ್ಟೆವು,
ಅವಳ ಕಾಗುಣಿತದ ತಪ್ಪಿನ ಸಮೇತ.

ರಾತ್ರಿ ನನ್ನ ಪರೀಕ್ಷೆ ಕೆಂಪಗೆ ನಿಂತಿತು:
ಬೇಕಾದದ್ದು ಹದಿನೆಂಟು, ಸಿಕ್ಕಿದ್ದು ಹದಿನೇಳು.

ಕಿಟಕಿಕಟ್ಟೆಯಿಂದ ಇಳಿದೆ.
ಹದಿನೆಂಟನ್ನು ಅಳಿಸಿ
ಹದಿನೇಳು ಬರೆದೆ.